ಸೋಮವಾರ ಹತ್ತೂಕಾಲು ಗಂಟೆ

ಸಾರ್ಜಂಟ್ ಅಲ್ಲಾಉದ್ದೀನ ಹದಿನೆಂಟು ವರ್ಷದ ವಾಯುಪಡೆಯ ನೌಕರಿಯಲ್ಲಿ ಬರೆದ ಸುಳ್ಳು ಒಂದೇ ಒಂದು. ಅದೂ ಎಷ್ಟು ಪುಟ್ಟದು! ಲಾಗ್ ಪುಸ್ತಕದ ಒಂದು ಸಾಲಿನಲ್ಲಿ "ವೇಳಾಪಟ್ಟಿಯಂತೆ ನಡೆಯಿತು" ಎಂದು ಬರೆದು ಸಹಿ ಹಾಕಿದ್ದ, ಅಷ್ಟೆ. ನಡೆದಿರಲಿಲ್ಲ. ಆ ಸಾಲು ದಿಲ್ಲಿಯವರೆಗೆ ಗದ್ದಲ ಎಬ್ಬಿಸಿತು ಎಂದರೆ ನಂಬುವವರು ನಂಬಲಿ, ಬಿಡುವವರು ಬಿಡಲಿ. ನಡೆದದ್ದು ಮಾತ್ರ ಹೀಗೆ.

ಎಪ್ಪತ್ತೊಂದರ ಯುದ್ಧ ಮುಗಿದು ಆರೇಳು ವರ್ಷವಾಗಿತ್ತು. ವಿಜಯಪುರ ಆಗಿನ್ನೂ ಬಿಜಾಪುರ. ನಮ್ಮ ಯುದ್ಧವಿಮಾನಗಳ ಮೂಗಿನಲ್ಲಿ ಕೂರಿಸಲು ಹೊಸ ರಾಡಾರ್ ಕೊಳ್ಳಬೇಕೆಂದು ದಿಲ್ಲಿಯಲ್ಲಿ ಮಾತು ಎದ್ದಿತ್ತು. ದಿಲ್ಲಿಯ ದೊಡ್ಡವರು ಸಾಮಾನು ಕೊಳ್ಳುವ ರೀತಿಯೇ ಬೇರೆ. ನಾವು ನೀವು ಕೊಡ ಕೊಳ್ಳುವಾಗ ಬೆರಳಿನಿಂದ ಬಡಿದು ನೋಡುತ್ತೇವೆ. ಅಲ್ಲಿ ಕೊಡ ಯಾರ ಕಡೆಯದು ಎಂದು ಮೊದಲು ಕೇಳುತ್ತಾರೆ. ಒಂದು ಗುಂಪು ಒಂದು ವಿದೇಶಿ ಕಂಪನಿಯ ಬೆನ್ನಿಗೆ ನಿಂತಿತ್ತು, ಅದರ ಎದುರಿನ ಗುಂಪು ಇನ್ನೊಂದು ಕಂಪನಿಯ ಬೆನ್ನಿಗೆ. ವಿಮಾನದಲ್ಲಿ ಕೂತು ಸಾಯುವವರ ಬೆನ್ನಿಗೆ ಯಾರೂ ಇರಲಿಲ್ಲ.

ಮೊದಲ ಕಂಪನಿಯವರು, "ಶತ್ರು ಎಷ್ಟೇ ಜಾಮ್ ಮಾಡಿದರೂ ನಮ್ಮ ರಾಡಾರಿಗೆ ಕಣ್ಣು ಕಟ್ಟುವುದಿಲ್ಲ, ನಾಲ್ಕೇ ಸೆಕೆಂಡಿನಲ್ಲಿ ತಪ್ಪಿಸಿಕೊಳ್ಳುತ್ತದೆ" ಎಂದು ಎದೆ ತಟ್ಟಿ ಹೇಳುತ್ತಿದ್ದರು. ಸರಿ, ಪರೀಕ್ಷೆ ಆಗಲಿ ಎಂದಾಯಿತು. ಬೇರೆ ರೇಡಿಯೋ ಗಲಾಟೆ ಇಲ್ಲದ ಬಯಲು ಬೇಕಿತ್ತು. ಬಿಜಾಪುರದ ಸುತ್ತಲಿನ ಬಯಲಿಗಿಂತ ಬಯಲು ಎಲ್ಲಿ ಸಿಗಬೇಕು? ದೂರದ ವಾಯುನೆಲೆಯಿಂದ ವಿಮಾನ ಬರುವುದು, ಅದರ ಹಿಂದಿನ ಸೀಟಿನಲ್ಲಿ ಕಂಪನಿಯ ಇಂಜಿನಿಯರು, ಗುರಿಯಾಗಿ ದೂರದಲ್ಲಿ ಹಾರುವ ಇನ್ನೊಂದು ವಿಮಾನವನ್ನು ರಾಡಾರಿನ ಪರದೆಯಲ್ಲಿ ನೋಡುತ್ತ ಕೂತಿರುವುದು, ಕೆಳಗಿನಿಂದ ನಮ್ಮವರು ಜಾಮರ್ ಹಚ್ಚಿ ಆ ಪರದೆಯನ್ನು ಕುರುಡು ಮಾಡಲು ನೋಡುವುದು. ಹತ್ತು ದಿನದಲ್ಲಿ ಹನ್ನೊಂದು ಸಲ. ತೊರವಿಯಲ್ಲಿ ಒಂದಿಷ್ಟು, ಇಟ್ಟಂಗಿಹಾಳದಲ್ಲಿ ಒಂದಿಷ್ಟು, ತಿಕೋಟಾ ಮತ್ತು ಬಬಲೇಶ್ವರದಲ್ಲಿ ಉಳಿದವು. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿಂದ, ಯಾವ ಅಲೆಯ ಮೇಲೆ ಜಾಮ್ ಮಾಡಬೇಕು ಎಂಬ ವೇಳಾಪಟ್ಟಿ ದಿಲ್ಲಿಯಲ್ಲೇ ಟೈಪಾಗಿ ಬಂದಿತ್ತು.

ಕೆಳಗಿನಿಂದ ಜಾಮರ್ ಹಚ್ಚುವ ಕೆಲಸ ಅಲ್ಲಾಉದ್ದೀನನದು. ಅವನು ತಿಕೋಟಾದವನೇ. ಊರ ದಾರಿ ಗೊತ್ತಿದ್ದವನು, ಕೈಕೆಲಸದಲ್ಲಿ ಪಳಗಿದವನು ಎಂದು ಅವನನ್ನು ಆರಿಸಿ ಕಳಿಸಿದ್ದರು. ಜೊತೆಗೆ ಟ್ರಕ್ಕಿನ ಡ್ರೈವರ್ ತುಕಾರಾಮ. ಅಲ್ಲಾಉದ್ದೀನನ ಹೆಸರು ಜೂನಿಯರ್ ವಾರಂಟ್ ಆಫೀಸರ್ ಬಡ್ತಿಯ ಪಟ್ಟಿಯಲ್ಲಿತ್ತು, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ದಾಖಲೆ ಪುಸ್ತಕದಲ್ಲಿ ಒಂದು ಕೆಂಪು ಗೆರೆಯೂ ಇರಲಿಲ್ಲ.

ಬಬಲೇಶ್ವರದಲ್ಲಿ ಜಾಮರ್ ನಿಲ್ಲಿಸಬೇಕಾದ ದಿಬ್ಬ ರಸ್ತೆಯಿಂದ ಎರಡು ಮೈಲಿ ಒಳಗಿತ್ತು. ನಡುವೆ ಬರೀ ಎರೆಮಣ್ಣು. ಹಿಂಗಾರಿ ಮಳೆ ಒಂದು ಬಿದ್ದರೆ ಸಾಕು, ಆ ಮಣ್ಣು ಟ್ರಕ್ಕಿನ ಗಾಲಿಯನ್ನು ಹಿಡಿದರೆ ಬಿಡುವುದಿಲ್ಲ. ಹಾಗಾಗಿ ಅಲ್ಲಾಉದ್ದೀನ ಅಲ್ಲಿಯ ರೈತ ರೇವಪ್ಪನ ಎತ್ತಿನ ಬಂಡಿ ಗೊತ್ತುಮಾಡಿದ್ದ. ರೇವಪ್ಪ ಅರವತ್ತು ದಾಟಿದವನು, ಬಾಯಿ ಜೋರು, ಎತ್ತುಗಳು ಅದಕ್ಕಿಂತ ಜೋರು. ಶನಿವಾರ ಆಂಟೆನಾದ ಕಂಬವನ್ನು ದಿಬ್ಬಕ್ಕೆ ಮುಟ್ಟಿಸಿ, ಬೆವರು ಒರೆಸಿಕೊಳ್ಳುತ್ತ ಕೇಳಿದ್ದ:

"ತಮ್ಮಾ, ಇದರಿಂದ ಏನ್ ಮಾಡಾವ್ರಪ್ಪಾ ನೀವು?"

"ಕಾಕಾ, ಗೋಳಗುಮ್ಮಟದಾಗ ನಿಂತು ಒಂದ ಸಲ ಕೂಗಿದ್ರ ಏನಾಕ್ಕೈತಿ?"

"ನಮ್ಮ ದನಿ ನಮಗ ಹೊಳ್ಳಿ ಕೇಳ್ತೈತಿ."

"ರಾಡಾರ್ ಅಂದ್ರ ಅಷ್ಟ. ತಾನ ಕೂಗಿ, ಎದುರಿನ ವಿಮಾನಕ್ಕ ಬಡದು ಹೊಳ್ಳಿ ಬಂದ ದನಿ ಕೇಳಿ, ಅದು ಎಲ್ಲೈತಿ ಅಂತ ತಿಳೀತೈತಿ. ಸಾಲಿ ಹುಡುಗರು ನೂರು ಮಂದಿ ಅದೇ ಗುಮ್ಮಟದಾಗ ಒಮ್ಮೆಲೆ ಒದರಿದ್ರ?"

"ನನ್ನ ದನಿ ನನಗ ಎಲ್ಲಿ ಕೇಳ್ಬೇಕೋ!"

"ಆ ಒದರೂದ ಜಾಮರ್. ಆಗ ಶಾಣ್ಯಾ ರಾಡಾರ್ ಇದ್ರ ತನ್ನ ದನಿ ಬದಲಿ ಮಾಡಿ ಸಿಳ್ಳಿ ಹೊಡೀತೈತಿ. ಗದ್ದಲದಾಗ ಸಿಳ್ಳಿ ಬ್ಯಾರೆ ಕೇಳ್ತೈತಲ್ಲ? ಇವರ ರಾಡಾರ್ ಶಾಣ್ಯಾ ಐತೋ ಇಲ್ಲೋ, ಅದನ್ನ ನೋಡಾಕತ್ತೀವಿ."

ರೇವಪ್ಪ ತಲೆಯಾಡಿಸಿದ. ದಿಲ್ಲಿಯಲ್ಲಿ ಎಷ್ಟೋ ಜನರಿಗೆ ಆಗದಷ್ಟು ಅವನಿಗೆ ಅರ್ಥವಾಗಿತ್ತು.

ರವಿವಾರ ಸಂಜೆ ಮಳೆ ಹೊಡೆಯಿತು. ಸೋಮವಾರ ಬೆಳಗ್ಗೆ ಏಳಕ್ಕೆ ಜಾಮರ್ ಪೆಟ್ಟಿಗೆಯನ್ನೂ ಜನರೇಟರನ್ನೂ ಟ್ರಕ್ಕಿನಲ್ಲಿ ಹೇರಿಕೊಂಡು ಬಬಲೇಶ್ವರದ ರಸ್ತೆಗೆ ಬಂದು ನೋಡಿದರೆ ರೇವಪ್ಪ ಬಂಡಿ ಇಲ್ಲದೆ ಕೈ ಬೀಸಿಕೊಂಡು ನಿಂತಿದ್ದಾನೆ.

"ಬಂಡಿ ಎಲ್ಲೈತಿ ಕಾಕಾ?"

"ಇವತ್ತ ಸೋಮವಾರ ಐತಲ್ಲೋ ತಮ್ಮಾ! ಬಸವಣ್ಣನ ವಾರ. ಎತ್ತಿನ ಹೆಗಲ ಮ್ಯಾಲ ನೊಗ ಇಡೂದಿಲ್ಲ."

ಅಲ್ಲಾಉದ್ದೀನ ಹಣೆ ಚಚ್ಚಿಕೊಂಡ. ಈ ಸೀಮೆಯಲ್ಲಿ ಹುಟ್ಟಿದ ಯಾರಿಗೆ ಇದು ಗೊತ್ತಿಲ್ಲ? ಅವನ ಅಪ್ಪನೂ ಸೋಮವಾರ ಎತ್ತು ಹೂಡಿದವನಲ್ಲ. ಹದಿನೆಂಟು ವರ್ಷ ಕ್ಯಾಂಪಿನಿಂದ ಕ್ಯಾಂಪಿಗೆ ತಿರುಗಿದವನಿಗೆ ವಾರಗಳೆಲ್ಲ ಒಂದೇ ಆಗಿಬಿಟ್ಟಿದ್ದವು. ದಿಲ್ಲಿಯ ಟೈಪಿಸ್ಟನಿಗೆ ತಿಳಿಯದಿದ್ದರೆ ಸರಿ, ನನಗೇನು ಬಡಿದಿತ್ತು ಎಂದು ತನ್ನನ್ನೇ ಬೈದುಕೊಂಡ.

"ಸರಕಾರದ ಕೆಲಸ ಐತಿ ಕಾಕಾ."

"ಸರಕಾರಕ್ಕ ಐತವಾರ ಸೂಟಿ ಐತಿಲ್ಲೋ? ನನ್ನ ಎತ್ತಿಗಿ ಸೋಮವಾರ ಸೂಟಿ. ನಾಳಿಗಿ ಬೆಳಗಾಗೂದರಾಗ ಬರ್ತೀನಿ."

ಬೇರೆ ಬಂಡಿ ಹುಡುಕಿದರು. ಎಲ್ಲರ ಎತ್ತುಗಳೂ ಕೊಟ್ಟಿಗೆಯಲ್ಲಿ ಮೈ ತೊಳೆಸಿಕೊಂಡು ಆರಾಮಾಗಿ ಮೆಲುಕು ಹಾಕುತ್ತಿದ್ದವು. ಜನರೇಟರ್ ಆರು ಜನ ಎತ್ತಿದರೂ ಅಲುಗದು. ಕಂಬ ದಿಬ್ಬದ ಮೇಲೆ, ಜಾಮರ್ ರಸ್ತೆಯ ಮೇಲೆ. ಸರಿಯಾಗಿ ಹತ್ತೂಕಾಲಿಗೆ ವಿಮಾನ ತಲೆಯ ಮೇಲೆ ಗುಡುಗುತ್ತ ಬಂತು, ಹೋಯಿತು. ಮೂವರೂ ರಸ್ತೆ ಬದಿಯಲ್ಲಿ ನಿಂತು ಕತ್ತೆತ್ತಿ ನೋಡಿದರು.

ಹಿಂದಿನ ವಾರವಷ್ಟೇ ಪರೀಕ್ಷೆಯ ಉಸ್ತುವಾರಿ ಹೊತ್ತಿದ್ದ ವಿಂಗ್ ಕಮಾಂಡರ್ ಸಾಹೇಬರು, "ಒಂದೇ ಒಂದು ಪಾಳಿ ತಪ್ಪಿದರೂ ನಿನ್ನ ಬಡ್ತಿಯನ್ನು ಮರೆತುಬಿಡು" ಎಂದು ಗದರಿಸಿದ್ದರು. ಎತ್ತಿಗೆ ಸೂಟಿ ಇತ್ತು ಎಂದು ಬರೆದರೆ ನಗೆಪಾಟಲು. ಹನ್ನೊಂದರಲ್ಲಿ ಒಂದು ಹೋದರೆ ಏನು ಮುಳುಗುತ್ತದೆ ಎಂದು ತುಕಾರಾಮನೂ ಹೇಳಿದ. ಅಲ್ಲಾಉದ್ದೀನ ಲಾಗ್ ಪುಸ್ತಕ ತೆರೆದು ಆ ಸಾಲು ಬರೆದ. ಸುಳ್ಳಿನ ದೊಡ್ಡ ಕೆಟ್ಟತನವೇ ಅದು, ಬರೆಯುವಾಗ ಹಗುರ.

ಶುಕ್ರವಾರಕ್ಕೆ ಪರೀಕ್ಷೆ ಮುಗಿಯಿತು. ಬಿಜಾಪುರದ ಪ್ರವಾಸಿ ಮಂದಿರದಲ್ಲಿ ಹಬ್ಬದ ಕಳೆ. ಅದನ್ನು ತಂದವನು ಅಂಬಾದಾಸ. ಗಾಂಧಿ ಚೌಕದ ಅರಿವೆ ಅಂಗಡಿಯವರ ಮಗ, ಮುಂಬಯಿ ಸೇರಿ ಆ ವಿದೇಶಿ ಕಂಪನಿಯ ಏಜೆಂಟನಾಗಿದ್ದ. ಬಿಳಿ ಬಟ್ಟೆ, ಬಿಳಿ ಕಾರು, ದಿಲ್ಲಿಯ ಯಾವ ಬಾಗಿಲಿಗೆ ಯಾವಾಗ ಹೋಗಬೇಕೆಂಬ ತಿಳಿವಳಿಕೆ. ಅಲ್ಲಾಉದ್ದೀನನನ್ನು ಕಂಡವನೇ ಹೆಗಲ ಮೇಲೆ ಕೈ ಹಾಕಿದ.

"ಬಾರಪಾ ನಮ್ಮೂರ ಹುಲಿ! ನಾಳೆ ಕಮಿಟಿ ಮುಗೀತಂದ್ರ ದಿಲ್ಲಿಯಾಗ ಸಹಿ. ಪೆನ್ನಿನ ಟೊಪಿಗಿ ತಗದು ಕುಂತಾರ. ನಿಂದೂ ಒಂದ ಸಹಿ ಐತಿ, ಹಾಕಿಬಿಡು."

ಕಂಪನಿಯ ವರದಿಯ ಪ್ರತಿ ಪುಟದಲ್ಲೂ ಜಾಮರ್ ನಡೆಸಿದವನ ಸಹಿ ಬೇಕಿತ್ತು. ಅಲ್ಲಾಉದ್ದೀನ ಮೇಜಿನ ಮುಂದೆ ಕೂತು ಒಂದೊಂದೇ ಪುಟ ಓದಿ ಸಹಿ ಮಾಡತೊಡಗಿದ. ತೊರವಿ, ಸರಿ. ಇಟ್ಟಂಗಿಹಾಳ, ಸರಿ. ಏಳನೆಯ ಪುಟಕ್ಕೆ ಬಂದಾಗ ಪೆನ್ನು ನಿಂತಿತು.

"ಸೋಮವಾರ, ಬೆಳಗ್ಗೆ ಹತ್ತೂಕಾಲು. ಬಬಲೇಶ್ವರದ ದಿಕ್ಕಿನಿಂದ ಅತ್ಯಂತ ಪ್ರಬಲ ಜಾಮಿಂಗ್. ರಾಡಾರ್ ನಾಲ್ಕು ಸೆಕೆಂಡಿನಲ್ಲಿ ಅದನ್ನು ಮೀರಿ ಗುರಿಯನ್ನು ಮತ್ತೆ ಹಿಡಿಯಿತು."

ಮತ್ತೊಮ್ಮೆ ಓದಿದ. ಜಾಮರ್ ರಸ್ತೆಯ ಮೇಲೆ ತಣ್ಣಗೆ ಕೂತಿದ್ದ ಹೊತ್ತಿನಲ್ಲಿ ಇವರು ಯಾವ ಜಾಮಿಂಗನ್ನು ಗೆದ್ದರು? ಒಂದೇ ಉತ್ತರ. ವೇಳಾಪಟ್ಟಿ ಇವರ ಕೈಯಲ್ಲೂ ಇತ್ತು. ಹಿಂದಿನ ಸೀಟಿನ ಇಂಜಿನಿಯರು ಪ್ರತಿ ಸಲ ಗಡಿಯಾರ ನೋಡಿ, ಜಾಮಿಂಗ್ ಶುರುವಾಗುವ ಮುನ್ನವೇ ರಾಡಾರಿನ ಅಲೆಯನ್ನು ಬದಲಿಸಿಬಿಡುತ್ತಿದ್ದ. ಜಾಮಿಂಗ್ ಬಂತೋ ಇಲ್ಲವೋ ಅವನಿಗೇ ಗೊತ್ತಾಗುತ್ತಿರಲಿಲ್ಲ. ಪಟ್ಟಿ ನೋಡಿ ವರದಿ ಬರೆದ. ಶಾಣ್ಯಾ ಇದ್ದದ್ದು ರಾಡಾರ್ ಅಲ್ಲ, ಇಂಜಿನಿಯರು. ಯುದ್ಧದಲ್ಲಿ ಶತ್ರು ವೇಳಾಪಟ್ಟಿ ಕಳಿಸಿ ಜಾಮ್ ಮಾಡುತ್ತಾನೆಯೇ?

ಅಲ್ಲಾಉದ್ದೀನನಿಗೆ ಎಪ್ಪತ್ತೊಂದರ ಡಿಸೆಂಬರ್ ನೆನಪಾಯಿತು. ಗಡಿಯ ರಾಡಾರ್ ಗುಡಿಸಿಲಿನಲ್ಲಿ ಅವನು ಒಬ್ಬ ಪೈಲಟನಿಗೆ ದಾರಿ ಹೇಳುತ್ತಿದ್ದ. ಇಪ್ಪತ್ತಮೂರು ವರ್ಷದ ಹುಡುಗ. ಒಮ್ಮೆಲೇ ಪರದೆಯೆಲ್ಲ ಬೆಳ್ಳಗಾಯಿತು. ಹುಡುಗ "ಈಗ ಎತ್ತ ತಿರುಗಲಿ?" ಎಂದು ಎರಡು ಸಲ ಕೇಳಿದ. ಅಲ್ಲಾಉದ್ದೀನ ಆ ಬಿಳುಪಿನಲ್ಲಿ ಅವನ ಚುಕ್ಕೆಯನ್ನು ಹುಡುಕುತ್ತಲೇ ಇದ್ದ. ಮೂರನೆಯ ಸಲ ಅವನು ಕೇಳಲಿಲ್ಲ.

"ಕಣ್ಣು ಉರಿಯಾಕತ್ತಾವ್ರಿ. ಉಳದದ್ದು ನಾಳೆ ಹಾಕ್ತೀನಿ" ಎಂದು ಎದ್ದುಬಂದ.

ಸಂಜೆ ತಿಕೋಟಾದ ಮನೆಯಲ್ಲಿ ಹೆಂಡತಿ ಸುಗರಾಬಿಗೆ ಎಲ್ಲವನ್ನೂ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು.

"ಹೇಳಿದ್ರ ನಿಮಗೇನ್ ಮಾಡ್ತಾರ್ರಿ?"

"ಸುಳ್ಳು ಲಾಗ್ ಬರದದ್ದಕ್ಕ ವಿಚಾರಣಿ. ಬಡ್ತಿ ಹೋತು. ನಸೀಬ ಖರಾಬ ಇದ್ರ ನೌಕರಿನೂ ಹೋಗ್ತೈತಿ, ಹದಿನೆಂಟು ವರ್ಷದ ಮರ್ಯಾದಿನೂ ಹೋಗ್ತೈತಿ."

"ಹೇಳದಿದ್ರ?"

"ನನಗೇನೂ ಆಗೂದಿಲ್ಲ."

"ಮತ್ತ ಬಂದಾಗಿಂದ ಮಾರಿ ಯಾಕ ಹಿಂಗಾಗೇತಿ? ಏನೂ ಆಗದವರ ಮಾರಿ ಹಿಂಗಿರ್ತದೇನ್ರಿ?" ಎಂದು ಸುಗರಾಬಿ ರೊಟ್ಟಿಯನ್ನು ಹಂಚಿಗೆ ಹಾಕಿದಳು. "ಹೊಲ ಐತಿ, ಕೈಯಾಗ ಕಸಬು ಐತಿ. ಹೋಗಿ ಹೇಳ್ರಿ. ಆದ್ರ ಪೂರಾ ಹೇಳ್ರಿ, ಅರ್ಧಾ ಹೇಳಬ್ಯಾಡ್ರಿ."

ಶನಿವಾರ ಬೆಳಗ್ಗೆ ಟ್ರಕ್ಕು ಮೊದಲು ಬಬಲೇಶ್ವರಕ್ಕೆ ಹೋಯಿತು. ವಿಷಯ ಕೇಳಿದ ರೇವಪ್ಪ ಕೆಂಡವಾದ.

"ನನ್ನ ಎತ್ತು ಕೊಟ್ಟಿಗ್ಯಾಗ ಇದ್ದಾಗ ಇವ್ರು ಜಾಮರ್ ಗೆದ್ದರೇನು? ನಡಿ, ನಾನೂ ಬರ್ತೀನಿ. ಎಲ್ಲಿ ಹೇಳ್ತಿ ಅಲ್ಲಿ ಹೇಳ್ತೀನಿ" ಎಂದು ಹೊಸ ರುಮಾಲು ಸುತ್ತಿಕೊಂಡು ಟ್ರಕ್ ಹತ್ತಿದ.

ಪ್ರವಾಸಿ ಮಂದಿರದ ಪಡಸಾಲೆಯಲ್ಲಿ ಕಮಿಟಿ ಕೂತಿತ್ತು. ಅಧ್ಯಕ್ಷರು ಒಬ್ಬ ಏರ್ ಕಮೊಡೋರ್, ಮೈಸೂರಿನ ಕಡೆಯವರು, ಮೆಲುದನಿಯ ಮನುಷ್ಯ. ವಿಂಗ್ ಕಮಾಂಡರ್ ಸಾಹೇಬರು, ಕಂಪನಿಯ ಇಂಜಿನಿಯರು, ಅಂಬಾದಾಸ, ದಿಲ್ಲಿಯಿಂದ ಬಂದ ಇಬ್ಬರು ಅಧಿಕಾರಿಗಳು, ಎಲ್ಲರ ಮುಂದೆ ಬಿಸಿ ಚಹಾ. ಅಲ್ಲಾಉದ್ದೀನ ಸೆಲ್ಯೂಟ್ ಹೊಡೆದು ಲಾಗ್ ಪುಸ್ತಕವನ್ನು ಅಧ್ಯಕ್ಷರ ಮುಂದೆ ತೆರೆದಿಟ್ಟ.

"ಸರ್, ಸೋಮವಾರದ ಸಾಲು ಸುಳ್ಳು ಐತ್ರಿ. ನಾನ ಬರದೀನಿ. ಆ ಹೊತ್ತಿನ್ಯಾಗ ಜಾಮರ್ ಚಾಲೂನೇ ಆಗಿರಲಿಲ್ರಿ."

ವಿಂಗ್ ಕಮಾಂಡರರ ಮುಖ ಕಪ್ಪಿಟ್ಟಿತು. ಅಧ್ಯಕ್ಷರು ಮಾತ್ರ ಲಾಗ್ ಪುಸ್ತಕವನ್ನೂ ಕಂಪನಿಯ ಏಳನೆಯ ಪುಟವನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ನಿಧಾನವಾಗಿ ಓದಿದರು.

"ಈತ ಎದುರು ಕಂಪನಿಯವರ ಮನುಷ್ಯ! ಅವರು ಕಲಿಸಿ ಕಳಿಸಿದ್ದಾರೆ!" ಎಂದು ದಿಲ್ಲಿಯ ಅಧಿಕಾರಿಯೊಬ್ಬ ಎದ್ದುನಿಂತ.

"ಕೂತ್ಕೊಳ್ಳಿ" ಎಂದರು ಅಧ್ಯಕ್ಷರು. ಅಲ್ಲಾಉದ್ದೀನನತ್ತ ತಿರುಗಿ, "ಯಾಕೆ ಚಾಲೂ ಆಗ್ಲಿಲ್ಲ? ಕಾರಣ ಹೇಳಪ್ಪ" ಎಂದರು.

ಕಾರಣ ಹೇಳಲು ಬಾಗಿಲಲ್ಲಿದ್ದ ರೇವಪ್ಪ ತಾನೇ ಒಳಗೆ ಬಂದ.

"ನಾ ಬಂಡಿ ಹೂಡಲಿಲ್ರಿ ಸಾಹೇಬ್ರ. ಸೋಮವಾರ ಇತ್ರಿ."

"ಸೋಮವಾರ ಆದರೇನು?"

ರೇವಪ್ಪ ಅವರನ್ನು ಕನಿಕರದಿಂದ ನೋಡಿದ. ಇಷ್ಟು ದೊಡ್ಡ ಮನುಷ್ಯನಿಗೆ ಇಷ್ಟೂ ತಿಳಿಯದೇ ಎಂಬ ಕನಿಕರ. "ಸೋಮವಾರ ಎತ್ತು ಹೂಡೂದಿಲ್ರಿ. ನಾ ಅಲ್ಲ, ಈ ಸೀಮ್ಯಾಗ ಯಾರೂ ಹೂಡೂದಿಲ್ಲ. ಅಗೋ, ಅಲ್ಲಿ ಕುಂತಾರಲ್ಲ ಅಂಬಾದಾಸ ಸಾವ್ಕಾರ್ರು, ಅವರೂ ನಮ್ಮ ಬಿಜಾಪುರದವರ. ಅವರನ್ನ ಕೇಳ್ರಿ."

ಎಲ್ಲರ ಕಣ್ಣು ಅಂಬಾದಾಸನ ಮೇಲೆ. ಕಿಟಕಿಯ ಹೊರಗೆ ಅಡುಗೆಯವರು, ಮಾಲಿ, ಟಾಂಗಾದವರು, ಗಾಂಧಿ ಚೌಕದಿಂದ ಸುಮ್ಮನೆ ನೋಡಲು ಬಂದವರು, ಎಲ್ಲ ಅವನ ಊರಿನವರೇ. ಇಲ್ಲ ಎಂದರೆ ನಾಳೆ ಅಪ್ಪನ ಅಂಗಡಿಯ ಮುಂದೆ ತಲೆ ಎತ್ತಿ ನಡೆಯುವಂತಿಲ್ಲ. ಹೌದು ಎಂದರೆ ದಿಲ್ಲಿಯ ಪೆನ್ನಿಗೆ ಟೊಪಿಗೆ ಬಿದ್ದಂತೆಯೇ. ಅಂಬಾದಾಸ ಚಹಾದ ಬಸಿಯನ್ನು ಆಚೆ ಸರಿಸಿದ, ಈಚೆ ಸರಿಸಿದ.

"ಹೌದ್ರಿ. ಯಾರೂ ಹೂಡೂದಿಲ್ಲ" ಎಂದ ಕೊನೆಗೆ.

ಹೊರಗಿದ್ದ ಮಾಲಿ "ಖರೇ ಹೇಳಿದ್ರಿ ಸಾವ್ಕಾರ್ರ!" ಎಂದು ಕೂಗಿದ. ಒಳಗಿದ್ದವರಿಗೂ ನಗು ತಡೆಯಲಾಗಲಿಲ್ಲ.

ಅಧ್ಯಕ್ಷರು ನಗಲಿಲ್ಲ. ಕಂಪನಿಯ ಇಂಜಿನಿಯರನ ಕಡೆ ಪುಟ ತಿರುಗಿಸಿ, "ಚಾಲೂ ಆಗದ ಜಾಮರನ್ನು ನಾಲ್ಕು ಸೆಕೆಂಡಿನಲ್ಲಿ ಗೆದ್ದಿದ್ದೀರಿ. ಮೆಚ್ಚಬೇಕಾದದ್ದೇ" ಎಂದರು. ಆಮೇಲೆ ತೀರ್ಮಾನ ಹೇಳಿದರು. ಹನ್ನೊಂದೂ ಪರೀಕ್ಷೆ ರದ್ದು. ಹೊಸ ಪರೀಕ್ಷೆ ಸೋಮವಾರವೇ, ಬಬಲೇಶ್ವರದ ದಿಬ್ಬದಿಂದಲೇ. ಈ ಸಲ ವೇಳಾಪಟ್ಟಿ ಇಲ್ಲ, ಜಾಮರ್ ಯಾವಾಗ, ಯಾವ ಅಲೆಯ ಮೇಲೆ ಹಚ್ಚಬೇಕೆಂಬುದು ಅಲ್ಲಾಉದ್ದೀನನ ಇಷ್ಟ. ಹಿಂದಿನ ಸೀಟಿನಲ್ಲಿ ನಮ್ಮ ವಾಯುಪಡೆಯವನೇ ಕೂರುತ್ತಾನೆ.

ಇಂಜಿನಿಯರು ಕುರ್ಚಿಯಿಂದ ಹಾರಿದ. ತರಬೇತಿ ಇಲ್ಲದವರು ಕೂತರೆ ಹೇಗೆ ಎಂದು ವಾದಿಸಿದ.

"ಜಾಮಿಂಗ್ ತಡೆಯೋದು ನಿಮ್ಮ ರಾಡಾರೋ ನೀವೋ? ರಾಡಾರ್ ಆದರೆ ಯಾರು ಕೂತರೇನಂತೆ?" ಎಂದರು ಅಧ್ಯಕ್ಷರು. ಅವನು ಕೂತ.

ರವಿವಾರವೇ ರೇವಪ್ಪ ಜನರೇಟರನ್ನೂ ಜಾಮರನ್ನೂ ದಿಬ್ಬಕ್ಕೆ ಮುಟ್ಟಿಸಿದ. ಸೋಮವಾರ ಬೆಳಗಾಗುವಷ್ಟರಲ್ಲಿ ಅರ್ಧ ಬಬಲೇಶ್ವರ ದಿಬ್ಬದ ಸುತ್ತ ಇತ್ತು. ಎತ್ತುಗಳಿಗೆ ಸೂಟಿ ಎಂದ ಮೇಲೆ ಮನುಷ್ಯರಿಗೂ ಬಿಡುವೇ. ಅಧ್ಯಕ್ಷರು ವೈರ್‌ಲೆಸ್ಸಿನ ಪಕ್ಕ ನಿಂತರು, ಇಂಜಿನಿಯರು ಅವರ ಪಕ್ಕ, ಅಂಬಾದಾಸ ಅವನ ಹಿಂದೆ. ಅಲ್ಲಾಉದ್ದೀನ ಸ್ವಿಚ್ಚಿನ ಮೇಲೆ ಬೆರಳಿಟ್ಟು ಆಕಾಶ ನೋಡುತ್ತ ಕೂತ.

ವಿಮಾನ ಮೊದಲ ಸುತ್ತು ಬಂತು. "ಗುರಿ ಸ್ಪಷ್ಟ" ಎಂದಿತು ವೈರ್‌ಲೆಸ್. ಇಂಜಿನಿಯರನ ಮುಖ ಅರಳಿತು. ಅಂಬಾದಾಸ ಚಪ್ಪಾಳೆಯನ್ನೇ ತಟ್ಟಿಬಿಟ್ಟ.

"ಇನ್ನಾ ಹಚ್ಚಿಲ್ರಿ ಸಾವ್ಕಾರ್ರ" ಎಂದ ಅಲ್ಲಾಉದ್ದೀನ, ತಿರುಗಿಯೂ ನೋಡದೆ.

ಎರಡನೆಯ ಸುತ್ತಿನ ಅರ್ಧದಲ್ಲಿ ಸ್ವಿಚ್ ಒತ್ತಿದ. ನಾಲ್ಕು ಸೆಕೆಂಡು ಕಳೆಯಿತು, ಹತ್ತು ಕಳೆಯಿತು, ಇಪ್ಪತ್ತು ಕಳೆಯಿತು. ವೈರ್‌ಲೆಸ್ಸಿನ ದನಿ ಏರಿತು: "ಪರದೆ ಪೂರ್ತಿ ಬೆಳ್ಳಗಾಗಿದೆ. ಗುರಿ ಕಾಣಿಸುತ್ತಿಲ್ಲ."

"ಅಲೆ ಬದಲಿಸಲು ಹೇಳಿ!" ಎಂದು ಇಂಜಿನಿಯರು ಬಾಯಿ ಹಾಕಿದ. ಅಧ್ಯಕ್ಷರು ತಡೆಯಲಿಲ್ಲ. ಮೇಲಿನವನು ಕೈಯಿಂದ ಬದಲಿಸಿದ. "ಕಾಣಿಸಿತು" ಎಂದ. ಅಲ್ಲಾಉದ್ದೀನನ ಬೆರಳು ಗುಂಡಿಯನ್ನು ತಿರುಗಿಸುತ್ತಲೇ ಇತ್ತು. ಹೆಡ್‌ಫೋನಿನಲ್ಲಿ ಆ ಹೊಸ ದನಿಯನ್ನು ಹುಡುಕಿದ, ಹಿಡಿದ, ಅದರ ಮೇಲೆ ತನ್ನ ಗದ್ದಲವನ್ನು ಸುರಿದ. "ಮತ್ತೆ ಹೋಯಿತು!" ಮೂರನೆಯ ಸಲ, ನಾಲ್ಕನೆಯ ಸಲ, ಆರನೆಯ ಸಲ. ಯಾವ ಸಲವೂ ರಾಡಾರ್ ತಾನಾಗಿ ತಪ್ಪಿಸಿಕೊಳ್ಳಲಿಲ್ಲ. ಕೋಟಿಗಟ್ಟಲೆ ಬೆಲೆಯ ಕಣ್ಣು ಬಬಲೇಶ್ವರದ ಒಂದು ದಿಬ್ಬದ ಮುಂದೆ ಕುರುಡಾಗಿ ನಿಂತಿತು.

ಕೊನೆಗೆ ಮೇಲಿನಿಂದ ಮುಂದಿನ ಸೀಟಿನ ಪೈಲಟ್ ಕೇಳಿದ: "ಕೆಳಗೆ ಯಾರಪ್ಪಾ ಅದು? ಯುದ್ಧದಲ್ಲಿ ಈ ಮನುಷ್ಯ ಶತ್ರುವಿನ ಕಡೆ ಇದ್ದಿದ್ದರೆ ನಾನು ಮನೆಗೆ ಹೋಗುತ್ತಿರಲಿಲ್ಲ."

ಅಧ್ಯಕ್ಷರು ವೈರ್‌ಲೆಸ್ಸನ್ನು ಅಲ್ಲಾಉದ್ದೀನನ ಕೈಗೆ ಕೊಟ್ಟರು. ಅವನು "ಆರಾಮಾಗಿ ಮನೆಗೆ ಹೋಗಿ ಸರ್" ಎಂದಷ್ಟೇ ಹೇಳಿದ. ರೇವಪ್ಪ ರುಮಾಲು ಬಿಚ್ಚಿ ಗಾಳಿಯಲ್ಲಿ ತಿರುವಿದ. ದಿಬ್ಬದ ಸುತ್ತಲಿನವರು ಹಾಕಿದ ಕೇಕೆ ರಸ್ತೆಯವರೆಗೂ ಕೇಳಿತಂತೆ. ಹೆಂಗಸರ ಗುಂಪಿನ ನಡುವೆ ಸುಗರಾಬಿಯೂ ಇದ್ದಳು. ತಿಕೋಟಾದಿಂದ ಮೊದಲ ಬಸ್ಸಿಗೇ ಬಂದಿದ್ದಳು, ಗಂಡನಿಗೆ ಹೇಳಿರಲಿಲ್ಲ.

ದಿಲ್ಲಿಯಲ್ಲಿ ಆ ಖರೀದಿ ಅಲ್ಲಿಗೇ ನಿಂತಿತು. ತಮ್ಮಿಂದಲೇ ನಿಂತಿತು ಎಂದು ಎದುರಿನ ಗುಂಪಿನವರು ಭಾಷಣ ಮಾಡಿದರು, ಅವರ ಕಂಪನಿಯನ್ನೂ ಇದೇ ರೀತಿ ಪರೀಕ್ಷಿಸಬೇಕೆಂದು ಅಧ್ಯಕ್ಷರು ಬರೆದ ಮೇಲೆ ಅವರ ದನಿಯೂ ತಗ್ಗಿತು. ಯಾವ ಪತ್ರಿಕೆಯಲ್ಲೂ ಬಬಲೇಶ್ವರದ ಹೆಸರು ಬರಲಿಲ್ಲ.

ಅಲ್ಲಾಉದ್ದೀನನ ವಿಚಾರಣೆ ಮಾತ್ರ ತಪ್ಪಲಿಲ್ಲ, ನಿಯಮ ನಿಯಮವೇ. ಎರಡು ತಿಂಗಳ ನಂತರ ಅಧ್ಯಕ್ಷರೇ ಅವನನ್ನು ಕರೆಸಿದರು. ಎದುರಿಗೆ ನಿಲ್ಲಿಸಿ ಆದೇಶ ಓದಿದರು. ಸಾರ್ಜಂಟ್ ಅಲ್ಲಾಉದ್ದೀನ, ಇಂಥ ಸೋಮವಾರ ಹತ್ತೂಕಾಲು ಗಂಟೆಗೆ, ಬಬಲೇಶ್ವರದಲ್ಲಿ, ಜಾಮರ್ ನಡೆಸದೆ ನಡೆಸಿದೆ ಎಂದು ಬರೆದಿದ್ದಾನೆ. ಯಾರೂ ಕೇಳುವ ಮುನ್ನವೇ ತಾನಾಗಿ ಬಂದು ಒಪ್ಪಿಕೊಂಡಿದ್ದಾನೆ. ಆತನಿಗೆ ತೀವ್ರ ಛೀಮಾರಿ, ಬಡ್ತಿ ಇಲ್ಲ, ನೌಕರಿ ಮುಂದುವರಿಯುತ್ತದೆ.

"ಓದಿ ನೋಡಿ ಸಹಿ ಮಾಡಪ್ಪ. ತಪ್ಪೇನಾದರೂ ಇದ್ದರೆ ಹೇಳು" ಎಂದರು.

ಅಲ್ಲಾಉದ್ದೀನ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬೆರಳಿಟ್ಟು ಓದಿದ. ತಾರೀಖು ಸರಿ, ಊರು ಸರಿ, ಗಂಟೆ ಸರಿ. ಎಲ್ಲೂ ಒಂದು ಸುಳ್ಳು ಅಕ್ಷರವಿರಲಿಲ್ಲ. ದೊಡ್ಡ ದೊಡ್ಡ ಅಕ್ಷರಗಳಲ್ಲಿ ಹೆಮ್ಮೆಯಿಂದ ಸಹಿ ಹಾಕಿದ.